ಸರ್ಕಾರ ಜನರ ಖಾತೆಗೆ ಹಣ ಹಾಕಿದರೆ ಬೆಲೆ ಏರುತ್ತದೆಯೇ? ಅಮೆರಿಕದ ಚೆಕ್ಕು ಮತ್ತು ನಮ್ಮ ಗೃಹಲಕ್ಷ್ಮಿ

ನೀವು ಕೇಳಿದ್ದು ಇಷ್ಟು: ಕೋವಿಡ್ ಕಾಲದಲ್ಲಿ ಅಮೆರಿಕ ಜನರಿಗೆ ಚೆಕ್ಕು ಹಂಚಿತು, ಆಮೇಲೆ ಅಲ್ಲಿ ಬೆಲೆಗಳು ವಿಪರೀತ ಏರಿದವು. ಹಾಗಾದರೆ ಗೃಹಲಕ್ಷ್ಮಿಯ 2,000 ರೂಪಾಯಿಯಿಂದ ಕರ್ನಾಟಕದಲ್ಲೂ ದಿನಸಿ ತರಕಾರಿ ತುಟ್ಟಿಯಾಗಿದೆ ಎನ್ನುವುದು ಸರಿಯೇ?

ಅಮೆರಿಕದ ಮಾತು ಸುಮಾರು ಅರ್ಧ ನಿಜ. ಅದನ್ನು ಹಾಗೇ ಎತ್ತಿ ಕರ್ನಾಟಕಕ್ಕೆ ಅನ್ವಯಿಸುವುದು ತಪ್ಪು. ಸರ್ಕಾರದ ಹಣ ಬೆಲೆ ಏರಿಸುತ್ತದೋ ಇಲ್ಲವೋ ಎಂದು ತಿಳಿಯಲು ಮೂರು ವಿಷಯ ನೋಡಬೇಕು. ಹಂಚಿದ ಮೊತ್ತ ಆ ಆರ್ಥಿಕತೆಯ ಎಷ್ಟನೇ ಪಾಲು? ಆ ಹಣ ಹಿಡಿದು ಜನ ಕೊಳ್ಳಲು ಹೋದ ಸರಕು ಆಗ ಬೇಕಾದಷ್ಟು ಸಿಗುತ್ತಿತ್ತೇ? ಹಣ ಹೊಸದಾಗಿ ಹುಟ್ಟಿದ್ದೇ, ಅಥವಾ ಇನ್ನೊಬ್ಬರ ಜೇಬಿನಿಂದ ಬಂದದ್ದೇ?

ಮೊದಲು ಅಮೆರಿಕ. ಅಲ್ಲಿ ಮೂರು ಕಂತಿನಲ್ಲಿ ಹಣ ಬಂತು. 2020ರ ಮಾರ್ಚ್‌ನ ಕಾಯ್ದೆಯಲ್ಲಿ ವಯಸ್ಕರಿಗೆ ತಲಾ 1,200 ಡಾಲರ್, ಮಗುವಿಗೆ 500. ಅದೇ ವರ್ಷದ ಡಿಸೆಂಬರ್‌ನಲ್ಲಿ ತಲಾ 600. 2021ರ ಮಾರ್ಚ್‌ನಲ್ಲಿ ತಲಾ 1,400. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದು ಆದಾಯ ಮಿತಿಯೊಳಗಿದ್ದ ಮನೆಗೆ ಒಟ್ಟು 11,400 ಡಾಲರ್ ಆಯಿತು. ಜೊತೆಗೆ ಕೆಲಸ ಕಳೆದುಕೊಂಡವರಿಗೆ ವಾರಕ್ಕೆ ಮೊದಲು 600, ನಂತರ 300 ಡಾಲರ್ ಹೆಚ್ಚುವರಿ ಭತ್ಯೆ, ಉದ್ಯಮಗಳಿಗೆ ಸಾಲ, ರಾಜ್ಯಗಳಿಗೆ ಅನುದಾನ. ಎಲ್ಲ ಸೇರಿ ಸುಮಾರು 5 ಲಕ್ಷ ಕೋಟಿ ಡಾಲರ್, ಅಂದರೆ ದೇಶದ ಒಂದು ವರ್ಷದ ಉತ್ಪನ್ನದ ಕಾಲು ಭಾಗದಷ್ಟು. ಇದೇ ಹೊತ್ತಿನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಹೊಸದಾಗಿ ಹಣ ಹುಟ್ಟಿಸಿ ಸರ್ಕಾರಿ ಬಾಂಡುಗಳನ್ನು, ಅಂದರೆ ಸರ್ಕಾರದ ಸಾಲಪತ್ರಗಳನ್ನು, ಖರೀದಿಸುತ್ತಾ ಹೋಯಿತು. 2020ರ ಆರಂಭದಲ್ಲಿ 4 ಲಕ್ಷ ಕೋಟಿ ಡಾಲರ್‌ನ ಆಸುಪಾಸಿನಲ್ಲಿದ್ದ ಅದರ ಆಸ್ತಿ 2022ರ ಹೊತ್ತಿಗೆ 9 ಲಕ್ಷ ಕೋಟಿಯ ಹತ್ತಿರ ಬಂತು. ಬಡ್ಡಿ ದರ 2022ರ ಮಾರ್ಚ್‌ವರೆಗೂ ಸೊನ್ನೆಯ ಬಳಿಯೇ ಇತ್ತು.

ಮೊದಲ ಕಂತಿನಿಂದ ಬೆಲೆ ಏರಲಿಲ್ಲ. ಅಂಗಡಿ, ಹೋಟೆಲು, ವಿಮಾನ ಎಲ್ಲ ಬಂದ್ ಆಗಿದ್ದಾಗ ಜನ ಹಣವನ್ನು ಉಳಿಸಿಟ್ಟರು. ಎಡವಟ್ಟಾದದ್ದು ಮೂರನೇ ಕಂತಿನಲ್ಲಿ. 2021ರ ಆರಂಭಕ್ಕೆ ಅಮೆರಿಕದ ಆರ್ಥಿಕತೆ ತನ್ನ ಪೂರ್ಣ ಸಾಮರ್ಥ್ಯಕ್ಕಿಂತ ತಿಂಗಳಿಗೆ ಸುಮಾರು 5,000 ಕೋಟಿ ಡಾಲರ್ ಕಡಿಮೆ ಉತ್ಪಾದಿಸುತ್ತಿತ್ತು. ವರ್ಷದ ಕೊನೆಗೆ ಈ ಕೊರತೆ 2,000 ಕೋಟಿಗೆ ಇಳಿಯುತ್ತದೆ ಎಂಬುದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಾಗಿತ್ತು. ಆ ಗುಂಡಿ ತುಂಬಲು ಸುರಿಯಹೊರಟದ್ದು ತಿಂಗಳಿಗೆ ಸುಮಾರು 15,000 ಕೋಟಿ. ಗುಂಡಿಗಿಂತ ಮಣ್ಣು ಮೂರು ಪಟ್ಟು. ಮಾಜಿ ಖಜಾನೆ ಕಾರ್ಯದರ್ಶಿ ಲ್ಯಾರಿ ಸಮರ್ಸ್ 2021ರ ಫೆಬ್ರುವರಿಯಲ್ಲೇ ಈ ಲೆಕ್ಕ ಮುಂದಿಟ್ಟು ಎಚ್ಚರಿಸಿದ್ದರು. ಅವರದೇ ಪಕ್ಷದ ಸರ್ಕಾರ ಕಿವಿಗೊಡಲಿಲ್ಲ. ಈ ವಿಷಯದಲ್ಲಿ ಅವರು ಹೇಳಿದ್ದೇ ಸರಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಆದರೂ ಹಣವೊಂದೇ ಕಾರಣವಲ್ಲ. ಹಳೆ ಕಾರುಗಳ ಉದಾಹರಣೆ ನೋಡಿ. 2021ರ ಜೂನ್‌ನಲ್ಲಿ ಅಮೆರಿಕದ ಸೆಕೆಂಡ್‌ಹ್ಯಾಂಡ್ ಕಾರುಗಳ ಬೆಲೆ ಹಿಂದಿನ ವರ್ಷಕ್ಕಿಂತ ಶೇ 45 ಹೆಚ್ಚಿತ್ತು. ಆ ಒಂದೇ ತಿಂಗಳಲ್ಲಿ ಶೇ 10.5 ಏರಿತ್ತು, ಆ ತಿಂಗಳ ಒಟ್ಟು ಬೆಲೆಯೇರಿಕೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇದೊಂದರದೇ. 2020ರ ಲಾಕ್‌ಡೌನ್‌ನಲ್ಲಿ ಕಾರು ತಯಾರಕರು ಚಿಪ್‌ಗಳ ಆರ್ಡರ್ ರದ್ದು ಮಾಡಿದ್ದರು. ಚಿಪ್ ಕಾರ್ಖಾನೆಗಳು ಆ ಜಾಗವನ್ನು ಲ್ಯಾಪ್‌ಟಾಪು, ಫೋನುಗಳಿಗೆ ಕೊಟ್ಟುಬಿಟ್ಟವು. ಬಾಡಿಗೆ ಕಾರು ಕಂಪನಿಗಳು ಗಿರಾಕಿಯಿಲ್ಲದೆ ತಮ್ಮ ಕಾರುಗಳನ್ನು ಮಾರಿದ್ದವು. 2021ರಲ್ಲಿ ಪ್ರವಾಸ ಶುರುವಾದಾಗ ಅವೇ ಕಂಪನಿಗಳು ಮತ್ತೆ ಖರೀದಿಗೆ ಇಳಿದವು, ಹೊಸ ಕಾರು ಮಾತ್ರ ಇಲ್ಲ. ನಾಲ್ವರ ಮನೆಗೆ ಮಾರ್ಚ್‌ನಲ್ಲಿ ಬಂದ 5,600 ಡಾಲರ್ ಒಂದು ಹಳೆ ಕಾರಿನ ಮುಂಗಡಕ್ಕೆ ಸರಿಯಾಗಿ ಸಾಕಾಗುವ ಮೊತ್ತ. ಚಿಪ್ ಇದ್ದಿದ್ದರೆ ಈ ಹಣದಿಂದ ಕಾರ್ಖಾನೆಗಳಿಗೆ ಹೆಚ್ಚು ಕೆಲಸ ಸಿಗುತ್ತಿತ್ತು. ಚಿಪ್ ಇಲ್ಲದ್ದರಿಂದ ಇದ್ದ ಕಾರುಗಳನ್ನೇ ಜನ ಪೈಪೋಟಿಯಲ್ಲಿ ಹರಾಜು ಕೂಗಿದಂತಾಯಿತು.

ಅಂಕಿ ಓದುವಾಗ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಹಣದುಬ್ಬರ ದರವೆಂದರೆ ಹಿಂದಿನ ವರ್ಷದ ಇದೇ ತಿಂಗಳಿಗೆ ಹೋಲಿಕೆ. ಹಿಂದಿನ ವರ್ಷ ಬೆಲೆ ಕುಸಿದಿದ್ದರೆ ಅಥವಾ ಏರದೆ ನಿಂತಿದ್ದರೆ ಈ ವರ್ಷದ ದರ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ (ಜನ ಕೊಳ್ಳುವ ಸರಕು, ಸೇವೆಗಳ ಒಟ್ಟಾರೆ ಬೆಲೆಮಟ್ಟದ ಅಳತೆ) 2019ರ ಮೇನಲ್ಲಿ 256.1, 2020ರ ಮೇನಲ್ಲಿ 256.4, 2021ರ ಮೇನಲ್ಲಿ 269.2. ಒಂದು ವರ್ಷದ ಲೆಕ್ಕದಲ್ಲಿ ಶೇ 5 ಏರಿಕೆ. ಎರಡು ವರ್ಷಕ್ಕೆ ಹರಡಿದರೆ ವರ್ಷಕ್ಕೆ ಸುಮಾರು ಶೇ 2.5 ಮಾತ್ರ. ಅಂದರೆ 2021ರ ಮೇ ತಿಂಗಳ ಗಾಬರಿಯಲ್ಲಿ ದೊಡ್ಡ ಪಾಲು ಹಿಂದಿನ ವರ್ಷ ಬೆಲೆ ಏರದೆ ನಿಂತದ್ದರದು. ಇದೇ ಪರೀಕ್ಷೆಯನ್ನು 2022ರ ಜೂನ್‌ಗೆ ಮಾಡಿ: 2020ರಲ್ಲಿ 257.8, 2021ರಲ್ಲಿ 271.7, 2022ರಲ್ಲಿ 296.3. ಒಂದು ವರ್ಷಕ್ಕೆ ಶೇ 9.1, ಎರಡು ವರ್ಷಕ್ಕೆ ಹರಡಿದರೂ ವರ್ಷಕ್ಕೆ ಶೇ 7.2. ಇದು ನಿಜವಾದ ಏರಿಕೆ, 1981ರ ನಂತರದ ಅತಿ ದೊಡ್ಡದು.

ಇದರಲ್ಲಿ ಚೆಕ್ಕಿನ ಪಾಲೆಷ್ಟು? 2021ರ ಕೊನೆಯ ಹೊತ್ತಿಗೆ ಸರ್ಕಾರದ ನೆರವು ಹಣದುಬ್ಬರಕ್ಕೆ ಸುಮಾರು 3 ಶೇಕಡಾಂಶ ಸೇರಿಸಿರಬಹುದು ಎಂದು ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2022ರಲ್ಲಿ ಲೆಕ್ಕ ಹಾಕಿದರು. ಆಗ ಒಟ್ಟು ದರ ಶೇ 7. ಉಳಿದದ್ದಕ್ಕೆ ಚಿಪ್, ಹಡಗಿನ ಬಾಡಿಗೆಯಂಥ ಕಾರಣಗಳಿದ್ದವು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ತೈಲ ಮತ್ತು ಗೋಧಿಯೂ ಸೇರಿಕೊಂಡವು. ಅಮೆರಿಕದಷ್ಟು ಚೆಕ್ಕು ಹಂಚದ ಯೂರೊ ವಲಯದಲ್ಲೂ 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 10.6 ಮುಟ್ಟಿತು, ಅಲ್ಲಿ ಮುಖ್ಯ ಕಾರಣ ಗ್ಯಾಸು ಮತ್ತು ವಿದ್ಯುತ್ತು. ಜಪಾನ್ 2020ರಲ್ಲಿ ಪ್ರತಿಯೊಬ್ಬ ನಿವಾಸಿಗೂ 1 ಲಕ್ಷ ಯೆನ್ ಕೊಟ್ಟಿತು. ಜನ ಹೆಚ್ಚು ಪಾಲನ್ನು ಉಳಿಸಿದರು, 2021ರಲ್ಲಿ ಅಲ್ಲಿನ ಬೆಲೆಗಳು ಸರಾಸರಿ ಸ್ವಲ್ಪ ಇಳಿದಿದ್ದವು.

ಭಾರತ ಕೋವಿಡ್‌ನಲ್ಲಿ ಬೇರೆ ದಾರಿ ಹಿಡಿಯಿತು. 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಎಂದರೂ ಅದರಲ್ಲಿ ದೊಡ್ಡ ಭಾಗ ಸಾಲ ಮತ್ತು ಸಾಲದ ಖಾತರಿ. ಮಹಿಳೆಯರ ಜನಧನ್ ಖಾತೆಗೆ ಹೋದದ್ದು ತಿಂಗಳಿಗೆ 500ರಂತೆ ಮೂರು ತಿಂಗಳು. ದೊಡ್ಡ ನೆರವು ಧಾನ್ಯದ ರೂಪದಲ್ಲಿತ್ತು: ಸುಮಾರು 80 ಕೋಟಿ ಜನರಿಗೆ ತಿಂಗಳಿಗೆ ತಲಾ 5 ಕೆ.ಜಿ. ಉಚಿತ. ಗೋದಾಮಿನಲ್ಲಿ ಇದ್ದ ದಾಸ್ತಾನೇ ಮಾರುಕಟ್ಟೆಗೆ ಇಳಿದಂತಾಗಿ 2021ರಲ್ಲಿ ಅಕ್ಕಿ ಗೋಧಿ ಬೆಲೆ ಹೆಚ್ಚು ಅಲುಗಲಿಲ್ಲ. ಅದೇ ವರ್ಷ ಅಡುಗೆ ಎಣ್ಣೆ ಶೇ 30ಕ್ಕೂ ಹೆಚ್ಚು ತುಟ್ಟಿಯಾಯಿತು. ಎಣ್ಣೆಗೆ ಯಾರೂ ಹಣ ಹಂಚಿರಲಿಲ್ಲ. ನಾವು ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು, ಹೊರಗೆ ಏರಿದಾಗ ಒಳಗೂ ಏರಿತು.

ಈಗ ಕರ್ನಾಟಕ. ಗೃಹಲಕ್ಷ್ಮಿಗೆ 2024-25ರ ಬಜೆಟ್‌ನಲ್ಲಿ ಇಟ್ಟದ್ದು ಸುಮಾರು 28,600 ಕೋಟಿ, ಐದೂ ಗ್ಯಾರಂಟಿ ಸೇರಿ ಸುಮಾರು 52,000 ಕೋಟಿ ರೂಪಾಯಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಇದು ಹೆಚ್ಚೆಂದರೆ ಶೇ 2. ತೊಗರಿ, ಸಕ್ಕರೆ, ಎಣ್ಣೆಯ ಬೆಲೆ ಬೆಂಗಳೂರಿನಲ್ಲಿ ತೀರ್ಮಾನವಾಗುವುದಿಲ್ಲ, ಇಡೀ ದೇಶದ ಮಾರುಕಟ್ಟೆಯಲ್ಲಿ ಆಗುತ್ತದೆ. ದೇಶದ ಉತ್ಪನ್ನಕ್ಕೆ ಹೋಲಿಸಿದರೆ ಈ ಮೊತ್ತ ಶೇ 0.2 ಕೂಡ ಇಲ್ಲ. ಇನ್ನೊಂದು ಮುಖ್ಯ ಸಂಗತಿ, ರಾಜ್ಯ ಸರ್ಕಾರಕ್ಕೆ ನೋಟು ಹುಟ್ಟಿಸುವ ಅಧಿಕಾರವಿಲ್ಲ. ತೆರಿಗೆ ಎತ್ತಬೇಕು, ಇಲ್ಲವೇ ಬ್ಯಾಂಕು, ವಿಮಾ ಸಂಸ್ಥೆಗಳಿಂದ ಸಾಲ ತರಬೇಕು. ಎರಡರಲ್ಲೂ ಹಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಹಳ್ಳಿಯ ಹೆಣ್ಣುಮಗಳು ಬಂದ ಹಣದಲ್ಲಿ ಹೆಚ್ಚು ಪಾಲು ಖರ್ಚು ಮಾಡುತ್ತಾಳೆ, ಬಾಂಡ್ ಕೊಂಡವರು ಅಷ್ಟು ಮಾಡುತ್ತಿರಲಿಲ್ಲ. ಹಾಗಾಗಿ ಬೇಡಿಕೆ ಸ್ವಲ್ಪ ಹೆಚ್ಚುವುದು ನಿಜ, ಪೂರ್ತಿ 52,000 ಕೋಟಿಯಷ್ಟಲ್ಲ.

ಗ್ಯಾರಂಟಿಯಿಂದಲೇ ತರಕಾರಿ ತುಟ್ಟಿಯಾಯಿತು ಎನ್ನುವವರು 2023ರ ಟೊಮೆಟೊ ತೋರಿಸುತ್ತಾರೆ. ದಿನಾಂಕ ಜೋಡಿಸಿ ನೋಡಿ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ಜುಲೈನಲ್ಲಿ. ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದು ಮೈಸೂರಿನಲ್ಲಿ ಆಗಸ್ಟ್ 30ರಂದು. ಬಿಳಿನೊಣ ಹರಡುವ ಎಲೆ ಮುಟುರು ರೋಗ, ಬಿಸಿಲು, ಆಮೇಲೆ ಅಕಾಲದ ಮಳೆ ಬೆಳೆಯನ್ನು ಹಾಳು ಮಾಡಿದ್ದವು. ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಹೊಸ ಬೆಳೆ ಬಂತು, ಬೆಲೆ ಬಿತ್ತು. ದೇಶದ ಹಣದುಬ್ಬರ ಜುಲೈನಲ್ಲಿ ಶೇ 7.44 ಇದ್ದದ್ದು ಸೆಪ್ಟೆಂಬರ್‌ಗೆ 5.02ಕ್ಕೆ ಇಳಿಯಿತು. ಹಾಗೆಂದು ಗೃಹಲಕ್ಷ್ಮಿಯಿಂದ ಬೆಲೆ ಇಳಿಯಿತು ಎಂದರೆ ಅದೂ ಅಷ್ಟೇ ತಪ್ಪು.

ಬೆಲೆಗೆ ಗ್ಯಾರಂಟಿಯ ನೇರ ಸಂಬಂಧ ಕಾಣುವುದು ತೆರಿಗೆಯ ಕಡೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.3ರಿಂದ 18.4ಕ್ಕೆ ಏರಿಸಿತು, ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಿತು. ಇದರಿಂದ ತರಕಾರಿ ಎಷ್ಟು ತುಟ್ಟಿಯಾಗಬೇಕು? ಕೋಲಾರದಿಂದ ಬೆಂಗಳೂರಿಗೆ ಹೋಗಿ ಬರಲು ಸುಮಾರು 140 ಕಿ.ಮೀ. ಲೀಟರಿಗೆ 12 ಕಿ.ಮೀ. ಓಡುವ ಪಿಕಪ್‌ಗೆ 12 ಲೀಟರ್ ಬೇಕು, ಹೆಚ್ಚುವರಿ ಖರ್ಚು 36 ರೂಪಾಯಿ. ಗಾಡಿಯಲ್ಲಿ 100 ಬಾಕ್ಸ್, ಅಂದರೆ 1,500 ಕೆ.ಜಿ. ಇದ್ದರೆ ಕಿಲೋಗೆ ಎರಡೂವರೆ ಪೈಸೆಯೂ ಬೀಳುವುದಿಲ್ಲ. ಡೀಸೆಲ್ ನೆಪ ಹೇಳಿ ಕಿಲೋಗೆ 5 ರೂಪಾಯಿ ಏರಿಸಿದರೆ ನಂಬಬೇಡಿ. ಜೊತೆಗೆ, ಇಂಥ ತೆರಿಗೆ ಬೆಲೆಯನ್ನು ಒಮ್ಮೆ ಮೇಲೆತ್ತುತ್ತದೆ, ಪ್ರತಿ ವರ್ಷ ಏರಿಸುತ್ತಾ ಹೋಗುವುದಿಲ್ಲ.

ಏರುವ ಸಾಧ್ಯತೆ ಇರುವುದು ಲಾರಿಯಲ್ಲಿ ಬೇರೆ ಊರಿಂದ ತರಲಾಗದ ಸೇವೆಗಳಲ್ಲಿ: ಹಳ್ಳಿಯ ಕೂಲಿ, ಚಿಕ್ಕ ಪಟ್ಟಣದ ಮನೆ ಬಾಡಿಗೆ, ಟ್ಯೂಷನ್ ಫೀಸು. ಕೂಲಿ ಏರಿದರೆ ಅದು ದುಡಿಯುವವಳ ಆದಾಯವೂ ಹೌದು ಎಂಬುದನ್ನು ಮರೆಯಬಾರದು. ಅನ್ನಭಾಗ್ಯದಲ್ಲಿ ಮಾತ್ರ ನನಗೆ ಆತಂಕವಿತ್ತು. ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗದೆ 2023ರ ಜುಲೈಯಿಂದ ಕಿಲೋಗೆ 34ರಂತೆ ತಲಾ 170 ರೂಪಾಯಿ ಕೊಟ್ಟರು. ಗೋದಾಮಿನ ಅಕ್ಕಿ ಕೊಟ್ಟರೆ ಪೂರೈಕೆ ಹೆಚ್ಚುತ್ತದೆ, ಅದರ ಬದಲು ಹಣ ಕೊಟ್ಟರೆ ಅಂಗಡಿಯಲ್ಲಿ ಬೇಡಿಕೆ ಹೆಚ್ಚುತ್ತದೆ. ಅದೂ ಅಕ್ಕಿ ಬಿಗಿಯಾಗಿದೆ ಎಂದು ಕೇಂದ್ರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದ ತಿಂಗಳಲ್ಲಿ. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದ್ದು ಸರಿಯಾದ ತೀರ್ಮಾನ.

ನೀವೇ ಪರೀಕ್ಷಿಸಬೇಕೆಂದಿದ್ದರೆ ಪ್ರತಿ ತಿಂಗಳು 12ರ ಆಸುಪಾಸಿನಲ್ಲಿ ಕೇಂದ್ರ ಸಾಂಖ್ಯಿಕ ಸಚಿವಾಲಯ ಬಿಡುಗಡೆ ಮಾಡುವ ರಾಜ್ಯವಾರು ಗ್ರಾಹಕ ಬೆಲೆ ಸೂಚ್ಯಂಕ ತೆಗೆಯಿರಿ. ಕರ್ನಾಟಕದ ಗ್ರಾಮೀಣ ಸೂಚ್ಯಂಕದ ಏರಿಕೆಯಿಂದ ನೆರೆರಾಜ್ಯದ ಏರಿಕೆಯನ್ನು ಕಳೆಯಿರಿ, 2023ರ ಸೆಪ್ಟೆಂಬರ್‌ಗೆ ಮೊದಲು ಒಂದು ವರ್ಷ, ಆಮೇಲೆ ಒಂದು ವರ್ಷ. ಮಳೆ, ತೈಲ, ಟೊಮೆಟೊ ಎಲ್ಲ ರಾಜ್ಯಗಳಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವು ಬಹುಮಟ್ಟಿಗೆ ಕಳೆದುಹೋಗುತ್ತವೆ. ಹೋಲಿಕೆಗೆ ತಮಿಳುನಾಡನ್ನು ಇಟ್ಟುಕೊಳ್ಳಬೇಡಿ, ಅಲ್ಲೂ 2023ರ ಸೆಪ್ಟೆಂಬರ್‌ನಲ್ಲೇ ಮಹಿಳೆಯರಿಗೆ ತಿಂಗಳಿಗೆ 1,000 ರೂಪಾಯಿ ಶುರುವಾಯಿತು. ಮಹಾರಾಷ್ಟ್ರ 2024ರ ಜುಲೈವರೆಗೆ ಸರಿ, ನಂತರ ಅಲ್ಲೂ 1,500 ರೂಪಾಯಿಯ ಯೋಜನೆ ಬಂತು. ಒಂದೆರಡು ತಿಂಗಳ ಅಂಕಿ ಹಿಡಿದು ತೀರ್ಮಾನಿಸದೆ ಆರು ತಿಂಗಳ ಸರಾಸರಿ ತೆಗೆದುಕೊಳ್ಳಿ, ಮತ್ತು 2024ರ ಜೂನ್ ನಂತರದ ಕರ್ನಾಟಕದ ಅಂಕಿಯಲ್ಲಿ ಇಂಧನವನ್ನು ಬೇರೆಯಾಗಿ ನೋಡಿ, ಅಲ್ಲಿರುವುದು ತೆರಿಗೆಯ ಪರಿಣಾಮ.