ರಾತ್ರಿ ಎರಡರ ತನಕ ನ್ಯೂಸ್ ನೋಡ್ತಿದ್ದ ಹೋರಾಟಗಾರ್ತಿ

ಗುರುತು ಸಿಗೋ ವಿವರ ಎಲ್ಲಾ ಬದಲಿಸಿದ್ದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ.

ಮೂವತ್ತೈದರ ಆಸುಪಾಸಿನ ಹೆಣ್ಮಗಳು, ಒಂದು ಕಾನೂನಿನ ವಿರುದ್ಧ ನಡೀತಿರೋ ಹೋರಾಟದಲ್ಲಿ ವರ್ಷದಿಂದ ಇದ್ದಾರೆ. ಶುರುವಲ್ಲಿ ರಸ್ತೆ ತುಂಬ ಜನ, ಈಗ ಮೀಟಿಂಗ್‌ಗೆ ಎಂಟು ಜನ ಬಂದ್ರೆ ಹೆಚ್ಚು. ಕೌನ್ಸೆಲಿಂಗ್‌ಗೆ ನನ್ನ ಹತ್ರ ಬಂದಿದ್ದು ನಿದ್ದೆ ಇಲ್ಲ ಅಂತ. ಕೇಳ್ತಾ ಹೋದ್ರೆ ರಾತ್ರಿ ಎರಡರ ತನಕ ಮೊಬೈಲಲ್ಲಿ ನ್ಯೂಸ್, ಕಾಮೆಂಟಲ್ಲಿ ಯಾರ್ಯಾರ ಜೊತೆನೋ ಜಗಳ, ಬೆಳಿಗ್ಗೆ ಗಂಡನ ಮೇಲೆ ರೇಗಾಟ, ಮೀಟಿಂಗ್‌ಗೆ ಬರದೇ ಇದ್ದೋರಿಗೆ ಗ್ರೂಪಲ್ಲಿ ಚುಚ್ಚುಮಾತು. ಸಾಯೋ ಯೋಚನೆ ಬರುತ್ತಾ ಅಂತ ನೇರವಾಗೇ ಕೇಳಿದೆ, ಇಲ್ಲ ಅಂದ್ರು.

"ಸುಮ್ನೆ ಕೂತ್ರೆ ದ್ರೋಹ ಮಾಡ್ದಂಗೆ ಅನ್ಸುತ್ತೆ ಮೇಡಂ, ಆದ್ರೆ ನಿಜ ಹೇಳ್ಬೇಕಂದ್ರೆ ಎರಡು ತಿಂಗಳಿಂದ ಏನೂ ಮಾಡಿಲ್ಲ, ಬರೀ ನೋಡ್ತಿದ್ದೀನಿ."

ಇಲ್ಲಿ ನಾನೊಂದು ತಪ್ಪು ಮಾಡ್ದೆ. ಒಂದು ತಿಂಗಳು ಎಲ್ಲಾ ಬಿಟ್ಟು ರೆಸ್ಟ್ ತಗೊಳ್ಳಿ ಅಂದ್ಬಿಟ್ಟೆ, ಅವರು ಎರಡು ವಾರ ಈ ಕಡೆ ತಲೆ ಹಾಕ್ಲಿಲ್ಲ. ಬಿಟ್ಟೋದೋರ ಲಿಸ್ಟಿಗೆ ನನ್ನನ್ನೂ ಸೇರಿಸ್ತಿದ್ದೀರಲ್ಲ ಅಂತ ಆಮೇಲೆ ಹೇಳಿದ್ರು.

ವಾಪಸ್ ಬಂದಾಗ ಪೋಲೆಂಡ್ ಕಥೆ ಹೇಳ್ದೆ. 1982ರ ಫೆಬ್ರವರಿ, ಅಲ್ಲಿ ಮಿಲಿಟರಿ ಕಾನೂನು, ಶ್ವಿದ್‌ನಿಕ್ ಅನ್ನೋ ಚಿಕ್ಕ ಪಟ್ಟಣದ ಜನ ಸಂಜೆ ಏಳೂವರೆಗೆ ಸರ್ಕಾರಿ ಟೀವಿಲಿ ವಾರ್ತೆ ಶುರುವಾಗ್ತಿದ್ದಂಗೆ, ಈ ಸುಳ್ಳು ವಾರ್ತೆ ನಾವು ನೋಡಲ್ಲ ಅಂತ ತೋರಿಸೋಕೆ ಮನೆಯಿಂದ ಹೊರಗೆ ಬಂದು ವಾಕ್ ಮಾಡೋಕೆ ಶುರು ಮಾಡಿದ್ರು, ಕೆಲವರಂತೂ ಟೀವಿನೇ ಕಿಟಕೀಲಿ ರಸ್ತೆ ಕಡೆ ತಿರುಗಿಸಿಟ್ರು. ಸರ್ಕಾರ ಕರ್ಫ್ಯೂನ ಏಳು ಗಂಟೆಗೆ ತಂದ್ರೆ, ಜನ ಐದು ಗಂಟೆ ವಾರ್ತೆಗೇ ಹೊರಟ್ರು.

"ನಾನು ವಾಕ್ ಹೋದ್ರೆ ಸರ್ಕಾರ ಬದಲಾಗುತ್ತಾ ಮೇಡಂ?"

ಇಲ್ಲ ಅಂದೆ. ಆದ್ರೆ ಅವರು ವಾಕ್ ಹೋಗಿದ್ದು ಒಬ್ಬೊಬ್ರೇ ಅಲ್ಲ, ಹೊರಗೆ ಬಂದಾಗ ಇನ್ನೂ ಎಷ್ಟು ಜನ ಇದ್ದಾರೆ ಅಂತ ಕಣ್ಣಿಗೆ ಕಾಣ್ತು. ನಿಮಗೆ ರಾತ್ರಿ ಮೊಬೈಲಲ್ಲಿ ಕಾಣೋದು ಎದುರು ಪಾರ್ಟಿಯೋರು ಮಾತ್ರ.

ಕೋಪ ಇಳಿದ್ಮೇಲೆ ಕೆಲಸ ಮಾಡ್ತೀನಿ ಅಂತ ಕಾಯ್ಬೇಡಿ, ಕೈಗೆಟುಕೋ ಅಷ್ಟು ಚಿಕ್ಕ ಕೆಲಸ ಗೊತ್ತಾದ ಹೊತ್ತಿಗೆ ಮಾಡಿ, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತೆ ಅಂತ ಹೇಳಿ ಇಬ್ರೂ ಕೂತು ತೀರ್ಮಾನಿಸಿದ್ವಿ. ನ್ಯೂಸ್ ದಿನಕ್ಕೆ ಎರಡೇ ಸಲ, ಇಪ್ಪತ್ತಿಪ್ಪತ್ತು ನಿಮಿಷ, ಮೊಬೈಲ್ ರಾತ್ರಿ ಬೇರೆ ರೂಮಲ್ಲಿ. ವಾರಕ್ಕೊಂದು ಸಂಜೆ, ಮೀಟಿಂಗ್ ಬಿಟ್ಟಿರೋ ಯಾರಾದ್ರೂ ಒಬ್ಬರ ಜೊತೆ ವಾಕ್, ಯಾಕೆ ಬರ್ತಿಲ್ಲ ಅಂತ ಮಾತ್ರ ಕೇಳೋ ಹಾಗಿಲ್ಲ (ಇದೇ ಅವರಿಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು). ಆಮೇಲೆ ಯಾರೂ ಮಾಡದೇ ಬಿಟ್ಟಿರೋ ಒಂದು ಕೆಲಸ ಹುಡುಕಿ ಅಂದೆ. ತುಂಬ ಹೊತ್ತು ಯೋಚಿಸಿ, ಕೇಸ್ ಬಿದ್ದಿರೋ ಇಬ್ಬರು ಹುಡುಗರ ಕೋರ್ಟ್ ತಾರೀಖು ಯಾರೂ ಬರೆದಿಟ್ಕೊಂಡಿಲ್ಲ ಅಂದ್ರು. ಅದೇ ಸಾಕು, ಒಂದು ಡೈರಿ, ಹಿಂದಿನ ದಿನ ಒಂದು ಫೋನು.

ನಡುನಡುವೆ ರಜೆನೂ ಬೇಕು ಅಂದಿದ್ದಕ್ಕೆ ಮತ್ತೆ ಮುಖ ಗಂಟು ಹಾಕಿದ್ರು. ಅಮೆರಿಕದ ಮಾಂಟ್‌ಗೊಮರಿಲಿ ಬಸ್ಸಲ್ಲಿನ ವರ್ಣಭೇದದ ವಿರುದ್ಧ 1955ರ ಡಿಸೆಂಬರಿಂದ 381 ದಿನ ಕಪ್ಪು ಜನ ಬಸ್ ಹತ್ತಲಿಲ್ಲ, ಅಷ್ಟು ದಿನ ನಡೀತು ಅಂದ್ರೆ ಕಾರ್ ಇದ್ದೋರು ಸರದಿ ಹಾಕ್ಕೊಂಡು ಜನರನ್ನ ಕರ್ಕೊಂಡು ಓಡಾಡಿದ್ರಿಂದ, ನಿಮ್ಮ ಡೈರಿಗೂ ಇನ್ನೊಬ್ಬರನ್ನ ರೆಡಿ ಮಾಡಿ ಅಂದೆ. ಅರ್ಧಮನಸ್ಸಿಂದ ಒಪ್ಪಿದ್ರು.

ಐದನೇ ಸಲ ಬಂದಾಗ ಹನ್ನೆರಡಕ್ಕೆ ಮಲಗ್ತಿದ್ರು. ಮತ್ತೆ ಕೆಟ್ರೆ ಮನೋವೈದ್ಯರನ್ನ ನೋಡ್ಬೇಕು ಅಂತ ಮಾತಾಗಿದೆ. ಗಂಡನ ಜೊತೆ ಜಗಳ ಪೂರ್ತಿ ನಿಂತಿಲ್ಲ, ಮೀಟಿಂಗ್‌ಗೆ ಈಗ್ಲೂ ಎಂಟೇ ಜನ. ಮುಂದಿನ ಅಪಾಯಿಂಟ್‌ಮೆಂಟ್ ಗುರುವಾರ ಕೊಡೋಕೆ ಹೋದ್ರೆ ಡೈರಿ ತೆಗೆದು ನೋಡಿ, "ಗುರುವಾರ ಬೇಡ ಮೇಡಂ, ಚಿಕ್ಕ ಹುಡುಗನ ತಾರೀಖಿದೆ" ಅಂದ್ರು.