ಆನ್‌ಲೈನ್ ವಿಜ್ಞಾನ ಪಾಠಕ್ಕೆ ಮುನ್ನ ಮಕ್ಕಳಿಗೆ ಏನು ಗೊತ್ತಿದೆ ಎಂದು ತಿಳಿಯುವುದು ಹೇಗೆ?

ಹತ್ತನೇ ತರಗತಿಗೆ ಆನ್‌ಲೈನ್‌ನಲ್ಲಿ ಪಾಠ ಮಾಡುವಾಗ ಅರ್ಧ ಮಕ್ಕಳು ಆಕಳಿಸುತ್ತಾರೆ, ಉಳಿದವರಿಗೆ ತಲೆಗೇ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ನಾನು ಚಿಕ್ಕಮಗಳೂರು ಜಿಲ್ಲೆಯವನು. ನನ್ನ ಸಂಜೆಯ ಆನ್‌ಲೈನ್ ತರಗತಿಯಲ್ಲಿ ಕೊಪ್ಪ, ಶೃಂಗೇರಿಯ ಅಡಿಕೆ ತೋಟದ ಮಕ್ಕಳೂ ಇದ್ದಾರೆ, ಕಡೂರಿನ ಬಯಲುಸೀಮೆಯವರೂ ಇದ್ದಾರೆ. ಹಾಗಾಗಿ ನಿಮ್ಮ ಪಾಡು ನನಗೆ ಚೆನ್ನಾಗಿ ಗೊತ್ತು.

"ಇದು ಗೊತ್ತಿದೆಯೇ?" ಎಂದು ಕೇಳಬೇಡಿ. ಕ್ಯಾಮೆರಾ ಮುಚ್ಚಿಕೊಂಡು ಕುಳಿತವರು "ಹೌದು ಸಾರ್" ಎನ್ನುತ್ತಾರೆ, ಅಷ್ಟೇ. ಪಾಠದ ಹಿಂದಿನ ರಾತ್ರಿ ಒಂದೇ ಒಂದು ಪ್ರಶ್ನೆ ಕಳುಹಿಸಿ, ಉತ್ತರವನ್ನು ಧ್ವನಿ ಸಂದೇಶದಲ್ಲಿ ತರಿಸಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿಗೆ ಬೇಡ, ನಿಮಗೆ ನೇರವಾಗಿ ಬರಲಿ. ಗುಂಪಿನಲ್ಲಿ ಮೊದಲು ಬಂದ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

ನಾನು ಕೇಳಿದ್ದು: ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿನಲ್ಲಿ ಕಬ್ಬಿಣದ ಮೊಳೆ ಮುಳುಗಿಸಿಟ್ಟರೆ 20 ನಿಮಿಷದಲ್ಲಿ ಏನಾಗುತ್ತದೆ, ಏಕೆ? ಕಡೂರಿನವರು "ಕರಗುತ್ತದೆ", "ನೀಲಿಯಾಗುತ್ತದೆ" ಎಂದು ಊಹಿಸಿದರು. ಮಲೆನಾಡಿನವರು ಮಾತ್ರ ಥಟ್ಟನೆ "ಕೆಂಪಾಗುತ್ತದೆ" ಎಂದರು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಲು ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವಾಗ ಅಪ್ಪ ಅದರಲ್ಲಿ ಚಾಕು ಅದ್ದಿ ನೋಡುವುದನ್ನು ಅವರು ಕಂಡಿದ್ದಾರೆ. ಚಾಕು ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ಆದರೆ ಏಕೆ ಎಂಬುದಕ್ಕೆ ಅವರ ಉತ್ತರ: "ತುಕ್ಕು ಹಿಡಿಯುತ್ತದೆ ಸಾರ್!"

ಅದು ತುಕ್ಕಲ್ಲ, ತಾಮ್ರ. ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರದಬ್ಬುತ್ತದೆ. ಹಿಂದೊಮ್ಮೆ, ಹೇಗೂ ಮಲೆನಾಡಿನವರಿಗೆ ಗೊತ್ತಲ್ಲ ಎಂದು ಬೋರ್ಡೋ ಉದಾಹರಣೆಯನ್ನೇ ಎಲ್ಲರಿಗೂ ಹೇಳಿದ್ದೆ. ಮೈಲುತುತ್ತದ ಜೊತೆ ಬೋರ್ಡೋ ದ್ರಾವಣವೂ ಸೇರಿ, ಕಡೂರಿನವರು ಕಂಡರಿಯದ ವಸ್ತು ಒಂದರ ಬದಲು ಎರಡಾಯಿತು. ತೋಟದ ಮಕ್ಕಳು ತುಕ್ಕನ್ನೇ ಮನಸ್ಸಿನಲ್ಲಿಟ್ಟುಕೊಂಡು ತಲೆಯಾಡಿಸಿದ್ದರು. ಪರೀಕ್ಷೆಯ ಉತ್ತರಗಳಲ್ಲಿ ಅದು ಹೊರಬಿತ್ತು. ಏನೂ ಗೊತ್ತಿಲ್ಲದವರಿಗಿಂತ ಅರ್ಧ ಗೊತ್ತಿದ್ದವರೇ ನನಗೆ ಕಷ್ಟವಾದರು.

ಈಗ ಕ್ಯಾಮೆರಾದ ಮುಂದೆ ಎರಡು ಲೋಟ ಇಡುತ್ತೇನೆ: ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಮೈಲುತುತ್ತದ ನೀರು. ಎರಡಕ್ಕೂ ಉಜ್ಜಿ ಹೊಳಪು ಬರಿಸಿದ ಮೊಳೆ. ಆ 20 ನಿಮಿಷದಲ್ಲಿ ಬರೀ ನೀರಿನ ಮೊಳೆ ಹೆಚ್ಚೇನೂ ಬದಲಾಗುವುದಿಲ್ಲ. ತುಕ್ಕಿನ ವಾದ ಅಲ್ಲಿಗೇ ಬೀಳುತ್ತದೆ. (ಮೈಲುತುತ್ತ ವಿಷ, ಮನೆಯಲ್ಲಿ ಮಾಡಲು ಮಕ್ಕಳಿಗೆ ಹೇಳಬೇಡಿ.) ಬಳಿಕ ಕಡೂರಿನವರ ಜೊತೆ ಸಮೀಕರಣವನ್ನು ಒಂದೊಂದೇ ಹೆಜ್ಜೆಯಾಗಿ ಬಿಡಿಸುತ್ತೇನೆ. ಆ ಹೊತ್ತಿಗೆ ತೋಟದವರಿಗೆ ಬೇರೆ ಪ್ರಶ್ನೆ: ಸುಣ್ಣ ಸರಿಯಾಗಿದ್ದರೆ ಚಾಕು ಏಕೆ ಕೆಂಪಾಗುವುದಿಲ್ಲ?

ನಿಮ್ಮ ಆಕಳಿಕೆಯ ಮಕ್ಕಳಿಗೂ ಇಂಥದ್ದೇ ಬೇಕು. ಹೊಸಬರಿಗೆ ಆಸರೆಯಾಗುವ ವಿವರಣೆಯೇ ಬಲ್ಲವರಿಗೆ ಹೊರೆಯಾಗುತ್ತದೆ ಎಂದು ಕಲ್ಯುಗಾ, ಸ್ವೆಲ್ಲರ್ ಮೊದಲಾದ ಸಂಶೋಧಕರು 2003ರಲ್ಲೇ ಬರೆದಿದ್ದಾರೆ.

ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆ ಬಂದಾಗ ಎಲ್ಲ ತಿರುಗುಮುರುಗು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಬಿಳಿ ಪದರಕ್ಕೆ ನಿಂಬೆರಸ ಬಿದ್ದರೆ ನೊರೆಯೇಳುವುದನ್ನು ಕಡೂರಿನವರು ಹೇಳಿದರು. ಗುಡ್ಡದ ನೀರು ಕುಡಿದು ಬೆಳೆದವರು ಸುಮ್ಮನೆ ಕೇಳಿದರು.

ಮಕ್ಕಳು ಹೆಚ್ಚಿದ್ದರೆ ಎಲ್ಲರ ಸಂದೇಶ ಕೇಳುತ್ತ ಕೂರಬೇಡಿ. ಹತ್ತು ಕೇಳಿ, ಪ್ರತಿ ವಾರ ಬೇರೆ ಹತ್ತು ಮಂದಿಯದು.