ಹಳೆಯ ಇಟ್ಟಿಗೆ ಮನೆಗೆ ಯಾವ ಬಣ್ಣ?

ಪ್ರಶ್ನೆ: ಬಸವನಗುಡಿಯಲ್ಲಿ ನಮ್ಮ ತಾತ ಸುಣ್ಣದ ಗಾರೆಯಿಂದ ಕಟ್ಟಿಸಿದ ಹೆಂಚಿನ ಮನೆಯ ಮುಂಭಾಗದಲ್ಲಿ ಇಟ್ಟಿಗೆ ಬಯಲಾಗಿಯೇ ಇದೆ. ಗಿಲಾವು ಮಾಡಿದ ಪಕ್ಕದ ಗೋಡೆಗಳ ಬುಡದಲ್ಲಿ ಬಣ್ಣ ಸಿಪ್ಪೆಯೇಳುತ್ತಿದೆ. ಇಡೀ ಮನೆಗೆ ಹೊಸ ಬಣ್ಣ ಬಳಿಸಬಹುದೇ?

ಉತ್ತರ: ದಯವಿಟ್ಟು ಮುಂಭಾಗದ ಇಟ್ಟಿಗೆಗೆ ಬಣ್ಣ ಬಳಿಸಬೇಡಿ, ಒಮ್ಮೆ ಬಳಿದರೆ ಇಟ್ಟಿಗೆಗೆ ಹಾನಿಯಾಗದಂತೆ ತೆಗೆಯುವುದು ಬಹಳ ಕಷ್ಟ. ಸಂದುಗಳು ಉದುರಿದ್ದರೆ ಸುಣ್ಣದ ಗಾರೆಯನ್ನೇ ತುಂಬಿಸಿ, ಏಕೆಂದರೆ ಸಿಮೆಂಟು ಹಳೆಯ ಇಟ್ಟಿಗೆಗಿಂತ ಗಟ್ಟಿಯಾಗಿದ್ದು, ತೇವ ಸಂದಿನ ಮೂಲಕ ಆರಲು ಬಿಡದೆ ಇಟ್ಟಿಗೆಯ ಅಂಚುಗಳನ್ನೇ ಸವೆಸುತ್ತದೆ. ಸಿಪ್ಪೆಯೇಳಲು ನೆಲದಿಂದ ಮೇಲೇರುವ ತೇವ ಮತ್ತು ಅದು ಹೊತ್ತು ತರುವ ಲವಣ ಕಾರಣವಾಗಿರುವ ಸಂಭವ ಹೆಚ್ಚು. ಆದ್ದರಿಂದ ಮೊದಲು ಗೋಡೆಗೆ ತಾಗಿದ ಮಣ್ಣನ್ನು ತಗ್ಗಿಸಿ, ಮಳೆನೀರು ಹೊರಕ್ಕೆ ಹರಿಯುವಂತೆ ಮಾಡಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ, ತೇವವನ್ನು ಒಳಗೇ ಹಿಡಿದಿಡುವ ದಪ್ಪ ಪ್ಲಾಸ್ಟಿಕ್ ಬಣ್ಣಗಳ ಬದಲು ಸುಣ್ಣವನ್ನೇ ತೆಳುವಾಗಿ ಹಲವು ಸಲ ಬಳಿಸಿ.

ಅದಕ್ಕೆ ಹಳದಿ ಕಾವಿ ಬೆರೆಸಿದ ತಿಳಿ ಕೆನೆಬಣ್ಣ ಕೆಂಪು ಇಟ್ಟಿಗೆ, ಹೆಂಚುಗಳಿಗೆ ಹೊಂದುತ್ತದೆ. ಅಚ್ಚ ಬಿಳಿ ಅವುಗಳ ಪಕ್ಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗಳಿಗೆ ಕಡುಹಸಿರೇ ನನ್ನ ಆಯ್ಕೆ. ಮರ ಗಟ್ಟಿಯಾಗಿದ್ದರೆ ಅವನ್ನು ಅಲ್ಯೂಮಿನಿಯಂಗೆ ಬದಲಾಯಿಸಬೇಡಿ.